ಗಂಟಲಿಗೊಂದು ಹನಿ ರೇಷ್ಮೆ

ಟಿಬೆಟ್ಸ್ ಕಾರ್ನರ್, ಮೇನ್
ಮಾರ್ಚ್ 9, 2016

ಏನೇ ಟ್ರ್ಯಾಕ್ಟರ್,

ಅಣ್ಣನ ಅಕ್ಷರ ಗುರುತು ಸಿಕ್ಕಿತೋ ಇಲ್ಲವೋ. ನಾನು ಕಾಗದ ಬರೆಯುವ ಪೈಕಿಯಲ್ಲ. ಬಾಯಿದ್ದವನಿಗೆ ಅಂಚೆಚೀಟಿ ಯಾಕೆ ಅನ್ನುತ್ತಿದ್ದವನು. ಈಗ ಬಾಯಿ ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ನವೆಂಬರ್ ಹದಿನೇಳಕ್ಕೆ ನನ್ನ ಕುತ್ತಿಗೆಯ ಗಡ್ಡೆ ತೆಗೆದರು. ಅದು ಕೆಟ್ಟ ಗಡ್ಡೆಯಲ್ಲವೆಂದು ಗೊತ್ತಾದದ್ದು ತೆಗೆದ ಮೇಲೆ. ಗಡ್ಡೆಯ ಜೊತೆ ಒಂದು ನರವೂ ಹೋಯಿತು. ಗಂಟಲಲ್ಲಿ ಎರಡು ದನಿತಂತುಗಳಿರುತ್ತವಂತೆ, ಜೋಡಿ ಬಾಗಿಲಿನ ಹಾಗೆ. ನನ್ನ ಎಡಬಾಗಿಲು ತೆರೆದ ಜಾಗದಲ್ಲೇ ಸತ್ತು ನಿಂತಿದೆ. ಬಲಗಡೆಯದು ಪಾಪ ದಿನವಿಡೀ ಬಂದು ಬಂದು ಗಾಳಿಯನ್ನು ಮುಟ್ಟಿ ಹೋಗುತ್ತದೆ. ನಾನು ಮಾತಾಡಿದರೆ ಟೈರಿನಿಂದ ಗಾಳಿ ಇಳಿದ ಸದ್ದು. ನಲವತ್ತೇಳು ವರ್ಷ ಈ ಜಿಲ್ಲೆಯ ದನ, ಟ್ರಕ್ಕು, ಸತ್ತವರ ಮನೆಸಾಮಾನು ಎಲ್ಲವನ್ನೂ ಹರಾಜು ಕೂಗಿದವನು ನಾನು. ಈಗ ಅಂಗಡಿಯಲ್ಲಿ ಬ್ರೆಡ್ಡು ಬೇಕೆಂದರೆ ಬೆರಳು ತೋರಿಸಬೇಕು. ಲಿಯೋನಾ ಕೇಳಿಸಿದ ಹಾಗೆ ತಲೆ ಆಡಿಸುತ್ತಾಳೆ. ಮದುವೆಯಾಗಿ ನಲವತ್ತು ವರ್ಷದಲ್ಲಿ ನನ್ನ ಹೆಂಡತಿ ನನ್ನ ಮಾತಿಗೆ ಇಷ್ಟು ಒಪ್ಪಿದ್ದು ಇದೇ ಮೊದಲು.

ಬ್ಯಾಂಗೋರಿನ ಪತ್ರಿಕೆಯಲ್ಲಿ ನಿನ್ನ ಫೋಟೋ ನೋಡಿದೆ. ಬಿಳಿ ಕೋಟು, ಕೈಯಲ್ಲಿ ರೇಷ್ಮೆ ಗೂಡು. 'ರೇಷ್ಮೆಯಿಂದ ದನಿ ಮರಳಿಸುವ ವಿಜ್ಞಾನಿ' ಎಂದು ಬರೆದಿದ್ದರು. ಓದಿದವನೇ ಬಿದ್ದು ಬಿದ್ದು ನಕ್ಕೆ, ಅಂದರೆ ಉಸಿರುಬಿಟ್ಟೆ. ಟಿಂಗ್ಲಿ ಮನೆತನದಲ್ಲಿ ಮಾತೇ ಬಾರದ ಹುಡುಗಿ ಊರಿಗೆಲ್ಲ ಮಾತು ಕೊಡುತ್ತಾಳೆ! ಹುಳದ ಜೊಲ್ಲಿನಿಂದ ಗಂಟಲು ರಿಪೇರಿ ಹೇಗೆ ಮಾಡುತ್ತೀ? ನನಗೂ ಒಂದು ಹನಿ ಹಾಕಿಸು.

ಅಮ್ಮನ ಮಣ್ಣಿನ ದಿನದಿಂದ ನೀನು ಈ ಕಡೆ ತಲೆ ಹಾಕಿಲ್ಲ. ಹತ್ತೊಂಬತ್ತು ವರ್ಷ. ಅವತ್ತು ಚರ್ಚಿನಲ್ಲಿ ನಾಲ್ಕು ಮಾತು ಆಡಲು ನೀನು ಎದ್ದಾಗ ನಾನು "ನೀ ಕೂತ್ಕೊಳೇ, ಜನ ಮಧ್ಯಾಹ್ನದ ಊಟಕ್ಕೆ ಹೋಗ್ಬೇಕು" ಅಂದೆನಲ್ಲ, ಅದಕ್ಕೇ ಇರಬಹುದು ಎಂದು ಲಿಯೋನಾ ಹೇಳುತ್ತಾಳೆ. ಅಷ್ಟಕ್ಕೆಲ್ಲ ಯಾರಾದರೂ ಸಿಟ್ಟಾಗುತ್ತಾರೆಯೇ ಎಂದೆ. ಹೌದೇ?

ಮರ್ಲ್


ವುಸ್ಟರ್, ಮ್ಯಾಸಚೂಸೆಟ್ಸ್
ಏಪ್ರಿಲ್ 2, 2016

ಪ್ರೀತಿಯ ಮರ್ಲ್,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಕೆಲಸವಿತ್ತು.

ನೀನು ಕೇಳಿದ್ದಕ್ಕೆ ಉತ್ತರ. ಗೂಡುಗಳು ನಮಗೆ ಅಂಚೆಯಲ್ಲಿ ಬರುತ್ತವೆ. ಕತ್ತರಿಸಿ, ಒಳಗಿನ ಒಣಹುಳು ತೆಗೆದು, ಗೂಡನ್ನು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಕುದಿಸುತ್ತೇವೆ. ಎಳೆಯ ಮೇಲಿನ ಅಂಟು ಬಿಟ್ಟುಹೋಗುತ್ತದೆ. ಆ ಅಂಟು ಸ್ವಲ್ಪ ಉಳಿದರೂ ಮನುಷ್ಯನ ದೇಹ ಸಿಟ್ಟಿಗೇಳುತ್ತದೆ, ಊದಿಕೊಳ್ಳುತ್ತದೆ. ಉಳಿಯುವುದು ಬರೀ ರೇಷ್ಮೆಯ ಪ್ರೋಟೀನು. ಅದನ್ನು ಗಾಢವಾದ ಉಪ್ಪುನೀರಿನಲ್ಲಿ ಕರಗಿಸಿ, ಉಪ್ಪು ಹೋಗುವ ತನಕ ಎರಡು ಮೂರು ದಿನ ಶುದ್ಧ ನೀರಿನಲ್ಲಿ ಇಡುತ್ತೇವೆ. ತೆಳುವಾದ ಜೇನಿನ ಬಣ್ಣದ ದ್ರವ ಸಿಗುತ್ತದೆ. ಅದನ್ನು ಸ್ಪಂಜಿನಂತೆ ಗಟ್ಟಿಮಾಡಿ, ಪುಡಿಮಾಡಿ, ಅಂಬಲಿಯಂತೆ ಕಲಸಿ, ಸೂಜಿಯಲ್ಲಿ ಸತ್ತ ತಂತುವಿನ ಒಳಗೆ ಬಿಡುತ್ತೇವೆ. ತಂತು ಉಬ್ಬಿ ನಡುವಿಗೆ ಬರುತ್ತದೆ. ಇನ್ನೊಂದು ತಂತುವಿಗೆ ಮುಟ್ಟಲು ಏನೋ ಒಂದು ಸಿಗುತ್ತದೆ. ಆಗ ದನಿ. ದೇಹ ನಿಧಾನವಾಗಿ ಆ ರೇಷ್ಮೆಯನ್ನು ಕರಗಿಸಿ ಅಲ್ಲಿ ತನ್ನದೇ ಮಾಂಸ ಬೆಳೆಸಿಕೊಳ್ಳುತ್ತದೆ ಎಂಬುದು ನಮ್ಮ ನಿರೀಕ್ಷೆ.

ಈಗ ಇಪ್ಪತ್ತು ಜನರ ಮೇಲೆ ಪರೀಕ್ಷೆ ನಡೆಯುತ್ತಿದೆ, ವುಸ್ಟರಿನಲ್ಲಿ ಮತ್ತು ಪೋರ್ಟ್‌ಲೆಂಡಿನಲ್ಲಿ. ನನ್ನ ರಕ್ತಸಂಬಂಧಿ ವುಸ್ಟರಿನಲ್ಲಿ ಸೇರುವಂತಿಲ್ಲ. ಪೋರ್ಟ್‌ಲೆಂಡಿನ ನಿಯಮ ಏನೆಂದು ನೋಡಬೇಕು.

ಅಷ್ಟರಲ್ಲಿ ನಿನ್ನಿಂದ ಒಂದು ಕೆಲಸವಾಗಲಿ. 1968ರ ಆಗಸ್ಟಿನಲ್ಲಿ ಚರ್ಚಿನ ಛಾವಣಿಗೆಂದು ರೈತಸಂಘದ ಗ್ರೇಂಜ್ ಹಾಲಿನಲ್ಲಿ, ಹೆಂಗಸರು ಮನೆಯಲ್ಲಿ ಸುಟ್ಟು ತಂದ ಹಣ್ಣಿನ ಪೈಗಳ ಹರಾಜು ಇಟ್ಟಿದ್ದರು. ನೀನು ಮೊದಲ ಸಲ ಕೂಗಿದ ಹರಾಜು. ಅವತ್ತು ನಡೆದದ್ದನ್ನು ನೆನಪಿದ್ದಂತೆ ಬರೆದು ಕಳಿಸು. ನನಗೆ ಬೇಕಾಗಿದೆ.

ವಿನಿಫ್ರೆಡ್


ಟಿಬೆಟ್ಸ್ ಕಾರ್ನರ್
ಏಪ್ರಿಲ್ 9, 2016

ಏ ಟ್ರ್ಯಾಕ್ಟರ್,

ನಿನಗೂ ಊರು ನೆನಪಾಗುತ್ತದೆ ಎಂದಾಯಿತು! ಇಲ್ಲಿ ಈಗ ಕೆಸರಿನ ಕಾಲ, ರಸ್ತೆಯೆಲ್ಲ ಗಂಜಿ, ಮನೆಯಲ್ಲೇ ಕೂತಿದ್ದೇನೆ. ಬರೆಯಲು ಇದಕ್ಕಿಂತ ಒಳ್ಳೆಯ ಕಥೆ ಎಲ್ಲಿದೆ.

ನನಗೆ ಹತ್ತೊಂಬತ್ತು, ನಿನಗೆ ಹದಿನಾಲ್ಕು. ಮುದುಕ ಹರಾಜುದಾರ ಕುಡಿದು ಮಲಗಿದ್ದ, ಪಾದ್ರಿಗಳು ನನ್ನನ್ನು ವೇದಿಕೆ ಹತ್ತಿಸಿದರು. ಸೆಕೆ. ಜನ ಬೀಸಣಿಗೆ ಆಡಿಸುತ್ತ ಕೂತಿದ್ದಾರೆ, ಒಬ್ಬರೂ ಬಾಯಿ ಬಿಡುತ್ತಿಲ್ಲ. ಹನ್ನೊಂದು ಪೈ ಹೇಗೋ ಹೋದವು. ಕೊನೆಯದು ಅಮ್ಮ ಮಾಡಿದ ಬ್ಲೂಬೆರಿ ಪೈ. ಆಗ ನನ್ನ ತಲೆಗೆ ಹೊಳೆಯಿತು. ಮುಂದಿನ ಸಾಲಿನಲ್ಲಿದ್ದ ನಿನ್ನನ್ನು ಕೈಹಿಡಿದು ಮೇಲೆ ಎಳೆದೆ. "ಮಹಾಜನಗಳೇ, ಇದು ನಮ್ಮ ಮನೆ ಟ್ರ್ಯಾಕ್ಟರು. ಚಳೀಲಿ ಸ್ಟಾರ್ಟ್ ಆಗಲ್ಲ, ಸೆಕೇಲೂ ಆಗಲ್ಲ. ತನ್ನ ಪೂರ್ತಿ ಹೆಸ್ರು ಹೇಳೋದಕ್ಕೆ ಎಷ್ಟು ಸೆಕೆಂಡ್ ತಗೋತಾಳೆ? ಒಂದು ಅಂದಾಜಿಗೆ ಕಾಲು ಡಾಲರ್, ಯಾರ ಅಂದಾಜು ಹತ್ರಾನೋ ಅವ್ರಿಗೆ ಪೈ!"

ಆಹಾ, ಹಾಲ್ ಎದ್ದು ನಿಂತಿತು. "ಹತ್ತು!" "ಇಪ್ಪತ್ತು!" "ನಾಳೆ ಬೆಳಗ್ಗೆ!" ಎಂದ ಒಬ್ಬ. ನೀನು ವಿ, ವಿ, ವಿ ಎಂದು ಶುರು ಮಾಡಿದೆ ನೋಡು. ನಾನು ಗಡಿಯಾರ ಹಿಡಿದು ಎಣಿಸುತ್ತಿದ್ದೇನೆ, ಜನ ನನ್ನ ಜೊತೆ ಎಣಿಸುತ್ತಿದ್ದಾರೆ. ಐವತ್ತಮೂರು ಸೆಕೆಂಡು! ವಾಲ್ಟನ್ ಕ್ರೋಸ್ಬಿ ಐವತ್ತು ಎಂದಿದ್ದ, ಅವನು ಪೈ ಹೊಡೆದ. ಮಾರನೇ ವಾರವೇ ಮೂರು ಹರಾಜಿಗೆ ನನ್ನನ್ನು ಕರೆದರು. ನಿಜ ಹೇಳಲಾ, ನನ್ನ ದಂಧೆ ಹುಟ್ಟಿದ್ದೇ ಅವತ್ತು, ನಿನ್ನಿಂದ. ಆ ಕಥೆಯನ್ನು ನನ್ನ ಮದುವೆಯಲ್ಲೂ ಹೇಳಿದ್ದೆ.

ಸಾಕಾ? ಈಗ ನನ್ನ ರೇಷ್ಮೆ ಎಲ್ಲಿ?

ಮರ್ಲ್


ವುಸ್ಟರ್
ಮೇ 30, 2016

ಪ್ರೀತಿಯ ಮರ್ಲ್,

ಚೆನ್ನಾಗಿ ಬರೆದಿದ್ದೀಯ. ನಿನ್ನ ನೆನಪು ಗಟ್ಟಿ. ಎರಡು ವಿಷಯ ಮಾತ್ರ ಬಿಟ್ಟುಹೋಗಿವೆ. ಎಣಿಸುತ್ತಿದ್ದವರಲ್ಲಿ ಅಮ್ಮನೂ ಇದ್ದಳು. ಮತ್ತೆ, ಪೈಯನ್ನು ವಾಲ್ಟನ್ ಕ್ರೋಸ್ಬಿಯ ಕೈಗೆ ನನ್ನಿಂದಲೇ ಕೊಡಿಸಿದಿರಿ. ನನ್ನ ಲಂಗ ಒದ್ದೆಯಾಗಿತ್ತು. ನಾನು ಪೈ ತಟ್ಟೆಯನ್ನು ಮುಂದೆ ಹಿಡಿದುಕೊಂಡು ಹೋದೆ, ಕಾಣದಿರಲಿ ಎಂದು. ಕೊಟ್ಟ ಮೇಲೆ ಕಂಡಿತು.

ಇನ್ನು ನಿನ್ನ ಗಂಟಲು. ದನಿಯನ್ನು ಅಳೆಯಬೇಕು. ವಾರಕ್ಕೊಂದು ಸಲ, ಎದ್ದು ನಿಂತು, ಮೊದಲು ನಿನ್ನ ಪೂರ್ತಿ ಹೆಸರು ಹೇಳು. ಆಮೇಲೆ ಒಂದೇ ಉಸಿರಿನಲ್ಲಿ 'ಆ' ಎಂದು ಎಳೆ, ಎಷ್ಟು ಹೊತ್ತು ಎಳೆಯಬಲ್ಲೆಯೋ ಅಷ್ಟು. ಪಕ್ಕದಲ್ಲಿ ಯಾರಾದರೂ ಸೆಕೆಂಡುಗಳನ್ನು ಗಟ್ಟಿಯಾಗಿ ಎಣಿಸಲಿ. ರೆಕಾರ್ಡ್ ಮಾಡಿ ಕಳಿಸು. ಆರೋಗ್ಯವಂತ ಗಂಡಸು ಇಪ್ಪತ್ತು ಸೆಕೆಂಡಿನವರೆಗೂ ಎಳೆಯುತ್ತಾನೆ.

ವಿನಿಫ್ರೆಡ್


ಟಿಬೆಟ್ಸ್ ಕಾರ್ನರ್
ಜೂನ್ 12, 2016

ಪ್ರೀತಿಯ ವಿನಿ,

ಹೌದಲ್ಲ, ಪೈ ನೀನೇ ಕೊಟ್ಟೆ! ಮರೆತೇ ಹೋಗಿತ್ತು ನೋಡು. ಲಂಗದ ವಿಷಯ ನನಗೆ ಗೊತ್ತಿರಲಿಲ್ಲ. ಹೋಗಲಿ ಬಿಡು, ಅದೆಲ್ಲ ಮಕ್ಕಳಾಟ.

ನಮ್ಮ ಮನೆಯಲ್ಲಿ ರೆಕಾರ್ಡ್ ಮಾಡುವ ಯಂತ್ರವಿಲ್ಲ, ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಎಥಲ್ ಎಂಬಾಕೆ ಇದ್ದಾಳೆ, ಒಳ್ಳೆಯವಳು. ಆದರೆ ಮಂಗಳವಾರ ಹೆಣಿಗೆ ಹೆಂಗಸರು ಸೇರುವ ದಿನ, ಹತ್ತು ಹನ್ನೆರಡು ಜನ. ನಾನು ಎದ್ದು ನಿಂತೆ. ಎಥಲ್ "ಒಂದು, ಎರಡು, ಮೂರು" ಅಂದಳು. ಮುಗಿಯಿತು. "ಅಷ್ಟೇನಾ ಮರ್ಲ್?" ಅಂದಳು. ಅಷ್ಟೇ. ಮೂರು ಸೆಕೆಂಡು. ಅವರಲ್ಲಿ ಒಬ್ಬರಾದರೂ ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ಎಲ್ಲರೂ ಕೈಯಲ್ಲಿದ್ದ ಉಣ್ಣೆ ನೋಡುತ್ತ ಕೂತರು. ನಕ್ಕಿದ್ದರೆ ವಾಸಿಯಿತ್ತು. ಪೆನ್‌ಡ್ರೈವ್ ಇದರೊಳಗಿದೆ.

ಇನ್ನೊಂದು ಮಾತು. ಬ್ಯಾಂಗೋರಿನ ಗಂಟಲಿನ ಡಾಕ್ಟರು ಒಂದು ದಾರಿ ಹೇಳುತ್ತಾರೆ. ಕುತ್ತಿಗೆಯಲ್ಲಿ ಸಣ್ಣ ಕಿಟಕಿ ಕೊರೆದು ಆ ಸತ್ತ ತಂತುವನ್ನು ಒಂದು ಪ್ಲಾಸ್ಟಿಕ್ ತುಂಡಿನಿಂದ ನಡುವಿಗೆ ನೂಕುವುದಂತೆ. "ಹರಾಜು ಕೂಗೋಕಾಗುತ್ತೋ ಗೊತ್ತಿಲ್ಲ, ಹೆಂಡ್ತಿ ಜೊತೆ ಜಗಳಕ್ಕಂತೂ ಸಾಕು" ಅಂದರು. ಜುಲೈನಲ್ಲಿ ಮಾಡುತ್ತಾರಂತೆ. ನಾನು "ನನ್ ತಂಗೀನೇ ರೇಷ್ಮೆ ಮಾಡ್ತಾಳೆ, ಪ್ಲಾಸ್ಟಿಕ್ ಯಾಕೆ?" ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಅವರು ನಿನ್ನ ಹೆಸರು ಕೇಳಿದ್ದರು! ಎದ್ದು ನನ್ನ ಕೈ ಕುಲುಕಿದರು. ನೀನೇನು ಹೇಳುತ್ತೀ?

ಮರ್ಲ್


ವುಸ್ಟರ್
ಜೂನ್ 16, 2016

ಪ್ರೀತಿಯ ಮರ್ಲ್,

ತಡಮಾಡದೆ ಬರೆಯುತ್ತಿದ್ದೇನೆ. ಒಮ್ಮೆ ಬೇರೆ ವಸ್ತು ಒಳಗೆ ಹೋದರೆ ಆಮೇಲೆ ನಮ್ಮ ರೇಷ್ಮೆ ಹಾಕುವಂತಿಲ್ಲ. ಇದು ಪರೀಕ್ಷೆಯ ನಿಯಮ. ತೀರ್ಮಾನ ನಿನ್ನದು.

ರೆಕಾರ್ಡಿಂಗ್ ತಲುಪಿತು. ಹೆಸರು ಸ್ಪಷ್ಟವಾಗಿಲ್ಲ. ಮುಂದಿನ ವಾರ ಇನ್ನೊಮ್ಮೆ.

ವಿನಿಫ್ರೆಡ್


ಟಿಬೆಟ್ಸ್ ಕಾರ್ನರ್
ಸೆಪ್ಟೆಂಬರ್ 4, 2016

ಪ್ರೀತಿಯ ವಿನಿ,

ಬ್ಯಾಂಗೋರಿನವರಿಗೆ ಬೇಡವೆಂದು ಹೇಳಿ ಎರಡು ತಿಂಗಳಾಯಿತು. ಮೊದಲನೆಯದಾದ ಮೇಲೆ ಇನ್ನೂ ಹನ್ನೊಂದು ಪೆನ್‌ಡ್ರೈವ್ ಕಳಿಸಿದ್ದೇನೆ. ಒಂದಕ್ಕೂ ಉತ್ತರವಿಲ್ಲ. ನಿನಗೆ ಕೆಲಸ ಎಷ್ಟಿರುತ್ತದೆಂದು ನನಗೆ ಗೊತ್ತು, ಇದು ದೂರಲ್ಲ.

ಎಥಲ್ ಈಗ ನನಗೊಂದು ಪ್ರತ್ಯೇಕ ಕುರ್ಚಿ ಇಟ್ಟಿದ್ದಾಳೆ. ಹೋದ ವಾರ ನಾಲ್ಕು ಸೆಕೆಂಡು ಬಂತು, ಹೆಣಿಗೆ ಹೆಂಗಸರು ಚಪ್ಪಾಳೆ ತಟ್ಟಿದರು. ನಿನ್ನ ಫೋಟೋ ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ಬಂದವರಿಗೆಲ್ಲ ತೋರಿಸುತ್ತೇನೆ. ವಾಲ್ಟನ್ ಕ್ರೋಸ್ಬಿ ಬಂದಿದ್ದ, ಊರುಗೋಲು ಹಿಡಿದುಕೊಂಡು. "ಇದು ಆ ಐವತ್ಮೂರು ಸೆಕೆಂಡಿನ ಹುಡ್ಗಿ ಅಲ್ವೇನೋ!" ಅಂದ. ಅವನಿಗೂ ನೆನಪಿದೆ ನೋಡು.

ಆಲೂಗಡ್ಡೆ ಕೀಳುವ ಕಾಲ ಬರುತ್ತಿದೆ, ಶಾಲೆಗೆ ರಜೆ ಕೊಡುತ್ತಾರೆ. ಈ ಸಲದ ಯಂತ್ರಗಳ ಹರಾಜಿಗೆ ಹೂಲ್ಟನ್ನಿನಿಂದ ಯಾರನ್ನೋ ಕರೆಸಿದ್ದರು. ನಾನು ಹಿಂದಿನ ಸಾಲಿನಲ್ಲಿ ನಿಂತು ಕೇಳಿದೆ. ಕೆಟ್ಟದಾಗಿ ಕೂಗುತ್ತಾನೆ, ಬಾಯಲ್ಲಿ ಗೆಣಸು ಇಟ್ಟುಕೊಂಡವನ ಹಾಗೆ. ಆದರೂ ಕೂಗುತ್ತಾನೆ.

ಒಂದು ಸಣ್ಣ ತೊಂದರೆ. ನೀರು ಕುಡಿದರೆ ಕೆಮ್ಮು. ನೀರು ಅಡ್ಡದಾರಿ ಹಿಡಿಯುತ್ತದೆ. ಸಲೀಸಾಗಿ ಇಳಿಯಲೆಂದು ಲಿಯೋನಾ ಕಾಫಿಗೂ ಗಂಜಿಪುಡಿ ಕಲಸಿ ಮಂದಮಾಡಿ ಕೊಡುತ್ತಾಳೆ. ಒಂದೆರಡು ಸಲ ಜ್ವರ ಬಂತು. ಇದಕ್ಕೂ ಆ ತಂತುವಿಗೂ ಸಂಬಂಧ ಇದೆಯೇ? ನಿನಗೆ ಗೊತ್ತಿರುತ್ತದೆ.

ಪೋರ್ಟ್‌ಲೆಂಡಿನ ಕಥೆ ಏನಾಯಿತು?

ಮರ್ಲ್


ವುಸ್ಟರ್
ಅಕ್ಟೋಬರ್ 18, 2016

ಪ್ರೀತಿಯ ಮರ್ಲ್,

ಹೋದ ತಿಂಗಳು ಚಿಕಾಗೋದಲ್ಲಿ ಒಂದು ವಿಜ್ಞಾನಿಗಳ ಸಭೆಯಿತ್ತು. ನಾನು ಮಾತಾಡಿದೆ. ಉಗ್ಗು ಈಗಲೂ ಇದೆ, ಆದರೆ ಅಲ್ಲಿನ ಜನ ಕಾಯುತ್ತಾರೆ. ದನಿ ಕಳೆದುಕೊಂಡವರ ಸ್ಥಿತಿ ಹೇಗಿರುತ್ತದೆ ಎಂದು ತೋರಿಸಲು ನಿನ್ನ ರೆಕಾರ್ಡಿಂಗ್ ಕೇಳಿಸಿದೆ. ಹೆಸರು ಹೇಳುವ ಭಾಗ, ಎಣಿಸುವ ಭಾಗ, "ಅಷ್ಟೇನಾ ಮರ್ಲ್" ಎನ್ನುವುದು, ಎಲ್ಲವೂ. ಮುನ್ನೂರು ಜನರಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಇದನ್ನು ನಿನಗೆ ತಿಳಿಸಬೇಕೆನಿಸಿತು.

ವಿನಿಫ್ರೆಡ್


ಟಿಬೆಟ್ಸ್ ಕಾರ್ನರ್
ಅಕ್ಟೋಬರ್ 25, 2016

ಪ್ರೀತಿಯ ವಿನಿ,

ಮುನ್ನೂರು ಜನ! ಚಿಕಾಗೋದಲ್ಲಿ! ನನ್ನ ಹರಾಜಿಗೆ ಅಷ್ಟು ಜನ ಸೇರಿದ್ದು ಜೀವಮಾನದಲ್ಲಿ ಒಂದೇ ಸಲ, ಬೆಂಕಿ ಬಿದ್ದ ಗರಗಸದ ಮಿಲ್ಲು ಮಾರಿದಾಗ. ಲಿಯೋನಾಗೆ ಓದಿ ತೋರಿಸಿದೆ, ಅಂದರೆ ಕಾಗದ ಕೈಗೆ ಕೊಟ್ಟೆ. ಅವಳು ಮಡಿಸಿಟ್ಟಳು.

ಯಾರೋ ನಕ್ಕರು ಎಂದು ನೀನು ಬೇಜಾರು ಮಾಡಿಕೊಂಡಿದ್ದೀಯ, ನನಗೆ ಗೊತ್ತಾಯಿತು. ಮಾಡಿಕೊಳ್ಳಬೇಡ ಕಣೇ. ನಗುವ ಜನವೇ ಕೊಳ್ಳುವ ಜನ, ಇದು ನಮ್ಮ ದಂಧೆಯ ಮೊದಲ ಪಾಠ. ನನ್ನ ದನಿ ನಿನ್ನ ಕೆಲಸಕ್ಕೆ ಬಂತಲ್ಲ, ಅಷ್ಟು ಸಾಕು. ಅವತ್ತು ನೀನು ನನ್ನ ದಂಧೆ ಶುರುಮಾಡಿಸಿದೆ, ಈಗ ನಾನು ನಿನ್ನದಕ್ಕೆ ಕೈಜೋಡಿಸಿದೆ. ಲೆಕ್ಕ ಚುಕ್ತಾ.

ಕೆಮ್ಮು ಹಾಗೇ ಇದೆ. ಹಿಮ ಬೀಳುವ ಮೊದಲು ಪೋರ್ಟ್‌ಲೆಂಡಿಗೆ ಕರೆಸಿಕೊಂಡರೆ ರಸ್ತೆ ಸಲೀಸು.

ಮರ್ಲ್


ವುಸ್ಟರ್
ಡಿಸೆಂಬರ್ 5, 2016

ಪ್ರೀತಿಯ ಮರ್ಲ್,

ಪೋರ್ಟ್‌ಲೆಂಡಿನ ನಿಯಮಗಳನ್ನು ನೋಡಿದೆ. ನರ ಸತ್ತು ಹನ್ನೆರಡು ತಿಂಗಳು ದಾಟಿದವರನ್ನು ಪರೀಕ್ಷೆಗೆ ಸೇರಿಸುವುದಿಲ್ಲ. ಅಷ್ಟರಲ್ಲಿ ತಂತುವಿನ ಮಾಂಸ ಸವೆದಿರುತ್ತದೆ. ನಿನ್ನ ಶಸ್ತ್ರಚಿಕಿತ್ಸೆ ನಡೆದದ್ದು ಹೋದ ವರ್ಷ ನವೆಂಬರ್ ಹದಿನೇಳು. ಹದಿನೆಂಟು ದಿನ ಮೀರಿದೆ.

ನಿಯಮ ನನ್ನ ಕೈಯಲ್ಲಿಲ್ಲ. ಇನ್ನು ರೆಕಾರ್ಡಿಂಗ್ ಕಳಿಸುವ ಅಗತ್ಯವಿಲ್ಲ.

ವಿನಿಫ್ರೆಡ್


ಟಿಬೆಟ್ಸ್ ಕಾರ್ನರ್
ಡಿಸೆಂಬರ್ 14, 2016

ಪ್ರೀತಿಯ ವಿನಿ,

ನಿನ್ನ ಕಾಗದ ಓದಿ ಕೊಟ್ಟಿಗೆಗೆ ಹೋಗಿ ಸ್ವಲ್ಪ ಹೊತ್ತು ಕೂತಿದ್ದೆ. ಹದಿನೆಂಟು ದಿನ. ನಾನೇ ಪೆದ್ದ, ಮಾರ್ಚ್ ತನಕ ಕಾಯದೆ ಆಸ್ಪತ್ರೆಯಿಂದ ಬಂದ ದಿನವೇ ನಿನಗೆ ಬರೆಯಬೇಕಿತ್ತು. ಹತ್ತೊಂಬತ್ತು ವರ್ಷದ ಬಿಗುಮಾನ ಅಡ್ಡಬಂತು. ನೀನು ನನಗಾಗಿ ಎಷ್ಟು ಓಡಾಡಿರುತ್ತೀ ಎಂದು ಊಹಿಸಬಲ್ಲೆ. ಆ ಚುಟುಕು ಕಾಗದ ನೋಡಿದರೇ ತಿಳಿಯುತ್ತದೆ, ನಿನಗೆ ಬರೆಯಲು ಕೈ ಬಂದಿಲ್ಲ.

ಮನಸ್ಸಿಗೆ ಹಚ್ಚಿಕೊಳ್ಳಬೇಡ. ಒಂದೇ ಒಂದು ಆಸೆ. ನನಗಿಲ್ಲದ ಜಾಗ ಯಾರಿಗೋ ಸಿಕ್ಕಿರುತ್ತದಲ್ಲ. ಅದು ಯಾರಿಗೆ ಸಿಕ್ಕಿತು, ದನಿ ಬಂತೇ, ಮೊದಲು ಏನು ಮಾತಾಡಿದರು, ಇಷ್ಟು ಬರೆ. ಹರಾಜಿನಲ್ಲಿ ಸೋತವನಿಗೂ ಸಾಮಾನು ಯಾರ ಮನೆ ಸೇರಿತೆಂದು ತಿಳಿಯುವ ಆಸೆ ಇರುತ್ತದೆ.

ಮೈಯಲ್ಲಿ ಜ್ವರ, ಇಲ್ಲಿಗೆ ನಿಲ್ಲಿಸುತ್ತೇನೆ. ಕ್ರಿಸ್‌ಮಸ್ಸಿಗೆ ಬರುವುದಾದರೆ ಮೇಲಿನ ಕೋಣೆ ಖಾಲಿ ಇದೆ.

ನಿನ್ನ ಅಣ್ಣ
ಮರ್ಲ್


ಟಿಬೆಟ್ಸ್ ಕಾರ್ನರ್
ಫೆಬ್ರವರಿ 21, 2017

ವಿನಿಫ್ರೆಡ್,

ನಾನು ಲಿಯೋನಾ. ನಿನಗೆ ನಾನು ಇದುವರೆಗೆ ಬರೆದಿಲ್ಲ.

ಜನವರಿ ನಾಲ್ಕಕ್ಕೆ ಮರ್ಲ್‌ನನ್ನು ಪೋರ್ಟ್‌ಲೆಂಡಿನ ಆಸ್ಪತ್ರೆಗೆ ಸಾಗಿಸಿದರು. ನ್ಯುಮೋನಿಯ. ಒಂದು ವರ್ಷದಿಂದ ಅವನು ಕುಡಿದ ನೀರು, ತಿಂದ ಅನ್ನ ತೊಟ್ಟು ತೊಟ್ಟಾಗಿ ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಆ ಬಾಗಿಲು ಮುಚ್ಚುತ್ತಿರಲಿಲ್ಲವಲ್ಲ. ಮೂವತ್ತಮೂರು ದಿನ ಅಲ್ಲಿದ್ದೆವು. ಬದುಕಿದ್ದಾನೆ. ಹೊಟ್ಟೆಗೆ ಕೊಳವೆ ಹಾಕಿದ್ದಾರೆ, ಊಟ ಇನ್ನು ಅದರಲ್ಲೇ. ಬಾಯಿಗೆ ಏನೂ ಇಲ್ಲ. ಶನಿವಾರ ನಾನು ಬೀನ್ಸ್ ಬೇಯಿಸಿದರೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ವಾಸನೆ ನೋಡಿ ಹೋಗುತ್ತಾನೆ. ಗಂಟಲಿಗೆ ಯಾವ ಚಿಕಿತ್ಸೆಯನ್ನೂ ಈಗ ಅವನ ಶ್ವಾಸಕೋಶ ತಾಳುವುದಿಲ್ಲ. ದನಿ ಬರುವುದಿಲ್ಲ. ಯಾವತ್ತೂ ಇಲ್ಲ.

ಅಲ್ಲಿ ಡಾ. ಓಸ್ಗುಡ್ ಎಂಬವರಿದ್ದಾರೆ. ನಿನಗೆ ಗೊತ್ತು. ನಿಮ್ಮ ಪರೀಕ್ಷೆಯ ಪೋರ್ಟ್‌ಲೆಂಡ್ ಭಾಗ ನೋಡಿಕೊಳ್ಳುವವರು. ಮರ್ಲ್ ನಿನ್ನ ಅಣ್ಣನೆಂದು ಹೇಳಿದಾಗ ಅವರು ಪರೀಕ್ಷೆಯ ಪಟ್ಟಿ ತೆಗೆದು ನೋಡಿದರು. ಆಮೇಲೆ ಹೇಳಿದರು. "ಈ ಹೆಸ್ರು ನಮ್ಮ ಹತ್ರ ಬಂದೇ ಇಲ್ವಲ್ಲಮ್ಮ. ಹೋದ ಬೇಸಿಗೇಲಿ ಬಂದಿದ್ರೆ ಅರ್ಧ ಗಂಟೆ ಕೆಲ್ಸ. ಸಂಬಂಧಿಕರೂ ಇಲ್ಲಿ ಸೇರ್ಬಹುದಿತ್ತು, ಅವ್ರ ತಂಗಿ ಫೈಲ್ ಮುಟ್ದೇ ಇದ್ರೆ ಸಾಕಿತ್ತು. ಇಪ್ಪತ್ತನೇ ಜಾಗ ಕೊನೇವರ್ಗೂ ಖಾಲೀನೇ ಉಳೀತು, ಹತ್ತೊಂಬತ್ತಕ್ಕೇ ಮುಗಿಸಿದ್ವಿ." ನಾನು ವಾರವಾರದ ರೆಕಾರ್ಡಿಂಗ್ ವಿಷಯ ಕೇಳಿದೆ. "ಮನೇಲಿ ರೆಕಾರ್ಡ್ ಮಾಡಿದ್ದು ನಮಗ್ಯಾಕೆ?" ಅಂದರು.

ಮನೆಗೆ ಬಂದು ನಿನ್ನ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಓದಿದೆ. ಒಂದರಲ್ಲೂ ಸುಳ್ಳಿಲ್ಲ. ಒಂದು ವಾಕ್ಯದಲ್ಲೂ ಇಲ್ಲ. ಅಷ್ಟು ಎಚ್ಚರದಿಂದ ಬರೆದಿದ್ದೀಯ.

ಗ್ರೇಂಜ್ ಹಾಲಿನ ಕಥೆಯನ್ನು ನಾನು ನೂರು ಸಲ ಕೇಳಿದ್ದೇನೆ. ನನ್ನ ಮದುವೆಯ ದಿನ ನಾನೂ ನಕ್ಕವಳೇ. ನಿನ್ನ ಲಂಗದ ವಿಷಯ ಓದಿದ ಮೇಲೆ ಆ ನಗು ನೆನಪಾಗಿ ನಾಚಿಕೆಯಾಯಿತು. ಅದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ. ಆದರೆ ಹತ್ತೊಂಬತ್ತರ ಹುಡುಗನ ತಪ್ಪಿಗೆ ಅರವತ್ತೇಳರ ಮುದುಕನ ಗಂಟಲನ್ನು ಕಟ್ಟಿಬಿಟ್ಟೆಯಲ್ಲ, ವಿನಿಫ್ರೆಡ್. ಅದೂ ನಿಧಾನವಾಗಿ, ತಿಂಗಳು ತಿಂಗಳು. ಅವನು ಮಾಡಿದ್ದು ಬುದ್ಧಿಯಿಲ್ಲದೆ. ನೀನು ಮಾಡಿದ್ದು ಬುದ್ಧಿಯಿಂದ.

ಮೊನ್ನೆ ಅವನನ್ನು ಕೇಳಿದೆ, ಅವಳು ಆ ಹಳೇ ಹರಾಜಿನ ಕಥೆ ಯಾಕೆ ಬರೆಸಿಕೊಂಡಳು ಅಂತ. ಚೀಟಿಯಲ್ಲಿ ಬರೆದ: 'ಪಾಪ, ಊರು ನೆನಪಾಗಿತ್ತು.'

ಅವನಿಗೆ ಏನೂ ಗೊತ್ತಿಲ್ಲ. ನಾನು ಹೇಳುವುದೂ ಇಲ್ಲ. ದನಿ ಹೋಯಿತು, ಊಟ ಹೋಯಿತು, ಹೇಳಿಕೊಂಡು ಮೆರೆಯಲು ಅವನಿಗೆ ಉಳಿದಿರುವುದು ತಂಗಿ ಒಬ್ಬಳೇ. ಅದನ್ನು ನಾನು ಕಿತ್ತುಕೊಳ್ಳಲಾರೆ. ನೀನೂ ಕಿತ್ತುಕೊಳ್ಳುವುದಿಲ್ಲ. ಇನ್ನು ಮೇಲೆ ಪ್ರತಿ ತಿಂಗಳು ಅವನಿಗೆ ಕಾಗದ ಬರೆಯುತ್ತೀಯ. ಒಳ್ಳೆಯ ತಂಗಿ ಬರೆಯುವ ಹಾಗೆ, ಉದ್ದವಾಗಿ. ಅವನು ಇರುವ ತನಕ. ಒಂದು ತಿಂಗಳು ತಪ್ಪಿದರೆ, ಅವನ ದನಿಯನ್ನು ಚಿಕಾಗೋದಲ್ಲಿ ಕೇಳಿಸಲು ಅವನು ಸಹಿ ಹಾಕಿದ ಒಪ್ಪಿಗೆಪತ್ರ ಎಲ್ಲಿದೆ ಎಂದು ನಿನ್ನ ವಿಶ್ವವಿದ್ಯಾಲಯವನ್ನು ನಾನು ಕೇಳುತ್ತೇನೆ. ಉಳಿದದ್ದನ್ನು ಡಾ. ಓಸ್ಗುಡ್ ಹೇಳುತ್ತಾರೆ.

ಮೊದಲ ಕಾಗದದಲ್ಲಿ ಅವನು ಡಿಸೆಂಬರಿನಲ್ಲಿ ಕೇಳಿದ್ದಕ್ಕೆ ಉತ್ತರ ಇರಲಿ. ಅವನ ಜಾಗ ಯಾರಿಗೋ ಸಿಕ್ಕಿತೆಂದು ಬರೆ. ಹೆಸರು, ಊರು, ಎಲ್ಲ ಸೇರಿಸಿ. ದಿನವೂ ಅಂಚೆಪೆಟ್ಟಿಗೆ ನೋಡಿ ಬರುತ್ತಾನೆ.

ಲಿಯೋನಾ


ವುಸ್ಟರ್
ಮಾರ್ಚ್ 6, 2017

ಪ್ರೀತಿಯ ಮರ್ಲ್,

ನಿನಗೆ ಇಷ್ಟು ಕಾಯಿಲೆಯಾಗಿತ್ತೆಂದು ಲಿಯೋನಾ ಬರೆದಾಗಲೇ ತಿಳಿದದ್ದು. ಮನೆಗೆ ಬಂದೆಯಲ್ಲ, ಸಮಾಧಾನವಾಯಿತು. ಇಲ್ಲಿ ಹಿಮ ಇನ್ನೂ ಕರಗಿಲ್ಲ. ಹೊಸ ಗೂಡುಗಳ ಪೆಟ್ಟಿಗೆ ನಿನ್ನೆ ಬಂತು, ಈ ಸಲದವು ಕಡಲೆಕಾಯಿಯಷ್ಟು ಸಣ್ಣವು. ನಿನ್ನೆ ಇಡೀ ದಿನ ಅವನ್ನೇ ಕತ್ತರಿಸುತ್ತ ಕೂತಿದ್ದೆ.

ನಿನ್ನ ಜಾಗ ಯಾರಿಗೆ ಸಿಕ್ಕಿತೆಂದು ಕೇಳಿದ್ದೆ. ರಾಕ್‌ಲೆಂಡಿನ ಒಬ್ಬ ಹೆಂಗಸಿಗೆ. ಹೆಸರು ಆಲ್ಮೀಡಾ ಬೀಲ್, ಅರವತ್ತೊಂದು ವರ್ಷ. ದ್ವೀಪಗಳಿಗೆ ಹೋಗುವ ದೋಣಿಕಟ್ಟೆಯಲ್ಲಿ ಟಿಕೆಟ್ ಕೊಡುವವಳು. ದೋಣಿ ಹೊರಡುವ ಮುನ್ನ ಕಟ್ಟೆಯ ಮೇಲೆ ನಿಂತು ಜನರನ್ನು ಕೂಗಿ ಕರೆಯುವುದು ಅವಳ ಕೆಲಸವಾಗಿತ್ತು. ದನಿ ಹೋದ ಮೇಲೆ ಅವಳ ಕೈಗೆ ಗಂಟೆ ಕೊಟ್ಟಿದ್ದರು. ಸೂಜಿ ಹಾಕಿದ ಮೂರನೇ ವಾರಕ್ಕೆ ದನಿ ಬಂತು. ಸ್ವಲ್ಪ ಗೊಗ್ಗರು, ಆದರೆ ಗಟ್ಟಿ. ಮನೆಗೆ ಹೋದವಳು ಮೊದಲು ನಾಯಿಯನ್ನು ಕರೆದಳಂತೆ. ನಾಯಿ ಅಲುಗಾಡಲಿಲ್ಲವಂತೆ, ಯಾರೋ ಪರಕೀಯರೆಂದು. "ಬಾರೋ ಕತ್ತೆ, ನಾನೇ ಕಣೋ!" ಎಂದು ಬೈದ ಮೇಲೆ ಓಡಿಬಂದು ಮೇಲೆ ಹಾರಿತಂತೆ. ಈಗ ಗಂಟೆಯನ್ನು ಸಮುದ್ರಕ್ಕೆ ಎಸೆದಿದ್ದೇನೆ ಅಂದಳು.

ಅವಳಿಗೆ ನಿನ್ನ ವಿಷಯ ಹೇಳಿದೆ. ಬಹಳ ನೊಂದುಕೊಂಡಳು.

ಔಷಧಿ ತಪ್ಪಿಸಬೇಡ. ಬೆಚ್ಚಗಿರು.

ನಿನ್ನ ತಂಗಿ
ವಿನಿಫ್ರೆಡ್


ಟಿಬೆಟ್ಸ್ ಕಾರ್ನರ್
ಮಾರ್ಚ್ 13, 2017

ಪ್ರೀತಿಯ ವಿನಿ,

ಇಷ್ಟು ಉದ್ದದ ಕಾಗದ ನೀನು ನನಗೆ ಯಾವತ್ತೂ ಬರೆದಿರಲಿಲ್ಲ. ನಾಲ್ಕು ಸಲ ಓದಿದೆ. ನಾಯಿಯ ಜಾಗಕ್ಕೆ ಬಂದಾಗ ಪ್ರತಿ ಸಲವೂ ನಗು, ನಗುವಿನ ಹಿಂದೆಯೇ ಕೆಮ್ಮು, ಲಿಯೋನಾ ಬಂದು ಕಾಗದ ಕಸಿದುಕೊಂಡಳು. ದೋಣಿಕಟ್ಟೆಯಲ್ಲಿ ಕೂಗುವವಳು! ನೋಡು, ದನಿ ಸರಿಯಾದ ಮನೆಗೇ ಹೋಗಿದೆ. ಬ್ಯಾಂಕಿನ ಗುಮಾಸ್ತನಿಗೋ ಮತ್ತೊಬ್ಬರಿಗೋ ಸಿಕ್ಕಿದ್ದರೆ ನನಗೆ ಹೊಟ್ಟೆಯುರಿಯುತ್ತಿತ್ತು. ಈಗ ಇಲ್ಲ. ಆಸ್ಪತ್ರೆಯಿಂದ ಬಂದಮೇಲೆ ಇದೇ ಮೊದಲ ಸಲ ಇಡೀ ರಾತ್ರಿ ನಿದ್ದೆ ಮಾಡಿದೆ.

ನಿನ್ನಿಂದ ಇನ್ನೊಂದು ಉಪಕಾರವಾಗಬೇಕು. ಮಿಸೆಸ್ ಬೀಲ್ ಅವರಿಗೆ ಹೇಳು, ನಮ್ಮ ಮನೆಗೆ ಒಂದೇ ಒಂದು ಸಲ ಫೋನ್ ಮಾಡಲಿ. ನಾನು ಉತ್ತರ ಕೊಡಲಾರೆ, ಅವರು ಬೇಸರ ಮಾಡಿಕೊಳ್ಳಬಾರದು. ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ದೋಣಿಗೆ ಜನರನ್ನು ಹೇಗೆ ಕೂಗುತ್ತಾರೋ ಹಾಗೆ ಒಂದು ಸಲ ಕೂಗಲಿ. ನನಗೆ ಬರಬೇಕಾಗಿದ್ದ ದನಿ ಹೇಗಿದೆ ಎಂದು ತಿಳಿದರೆ ಸಾಕು, ಮತ್ತೆ ಕೇಳುವುದಿಲ್ಲ.

ಮಾರ್ಚ್ ಇಪ್ಪತ್ತಾರು, ಭಾನುವಾರ, ಮಧ್ಯಾಹ್ನ ಎರಡಕ್ಕೆ ಫೋನಿನ ಪಕ್ಕದಲ್ಲಿ ಕೂತಿರುತ್ತೇನೆ. ಎಥಲ್ ಬರುತ್ತೇನೆ ಅಂದಿದ್ದಾಳೆ, ಹೆಣಿಗೆ ಹೆಂಗಸರೂ.

ನಿನ್ನ ಅಣ್ಣ
ಮರ್ಲ್

ವಿನಿಫ್ರೆಡ್, ಇದನ್ನು ಅಂಚೆಗೆ ಹಾಕುವವಳು ನಾನು, ಅದಕ್ಕೇ ಓದಿದೆ. ಭಾನುವಾರ ಎರಡಕ್ಕೆ ಫೋನ್ ಬರಬೇಕು. ಯಾರನ್ನು ಹುಡುಕುತ್ತೀಯೋ, ಏನು ಮಾಡುತ್ತೀಯೋ, ನಿನಗೆ ಬಿಟ್ಟದ್ದು. ಅವನು ಈಗಾಗಲೇ ಯಾವ ಅಂಗಿ ಹಾಕಿಕೊಳ್ಳಲಿ ಎಂದು ಚೀಟಿ ಬರೆದು ಕೇಳುತ್ತಿದ್ದಾನೆ.
ಲಿಯೋನಾ